ತೇರು ಮುಗಿಯಲಿ ಎಂದರೆ ಕಾಯದ ಕಣ್ಣು

(ಕೊಟ್ಟೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ವಚನ, ಜಾನಪದ, ರಂಗಭೂಮಿ ಎಂದು ಮಾತು ಕೇಳಿ ಅಭ್ಯಾಸವಾದ ಈ ಸಭೆಗೆ ಕಣ್ಣಿನ ವೈದ್ಯನನ್ನು ಕರೆದಿದ್ದೀರಿ. ದತ್ತಿ ಇಟ್ಟವರ ಆಸೆಯಂತೆ ವಿಷಯವನ್ನೂ ನೀವೇ ಕೊಟ್ಟಿದ್ದೀರಿ: ಕೀಲುವಾತ, ಬೆನ್ನೆಲುಬಿನ ಬಿಗಿತ ಮುಂತಾದ ಉರಿಯೂತದ ಕಾಯಿಲೆ ಇಟ್ಟುಕೊಂಡು ಬದುಕುವವರಿಗೆ ಇದ್ದಕ್ಕಿದ್ದಂತೆ ನೋಟ ಮಂಜಾದರೆ ಅದರ ಹಿಂದೆ ಏನಿರುತ್ತದೆ? ನಾನು ಹೇಳಬೇಕಾಗಿರುವುದು ಮುಖ್ಯವಾಗಿ ಒಂದೇ ಮಾತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಣ್ಣಿನ ಕಾಯಿಲೆಗೆ ಕಾಯುವುದನ್ನು ನಮ್ಮ ಸೀಮೆ ಚೆನ್ನಾಗಿ ಕಲಿತಿದೆ. ಈ ಕಾಯಿಲೆಗೆ ಆ ಕಲಿಕೆ ಹೊಂದುವುದಿಲ್ಲ.

ಕಾಯುವುದನ್ನು ನಮಗೆ ಕಲಿಸಿದ್ದು ಕಣ್ಣಿನ ಪೊರೆ. ಇದನ್ನು ದೂರಿನ ಮಾತಾಗಿ ತಿಳಿಯಬೇಡಿ. ಅವಿಭಜಿತ ವಿಜಯಪುರ ಜಿಲ್ಲೆಯಿಂದ ಬಂದ ಡಾ. ಎಂ.ಸಿ. ಮೋದಿಯವರು 1940ರ ದಶಕದಿಂದ ಊರೂರಿಗೆ ಶಿಬಿರ ಒಯ್ದು, ಶಾಲೆಯ ಕೋಣೆಗಳಲ್ಲಿ, ಛತ್ರಗಳಲ್ಲಿ ಸಾಲುಸಾಲಾಗಿ ಮಲಗಿಸಿ ಪೊರೆ ತೆಗೆದರು. ಸರಕಾರ ಅವರಿಗೆ 1968ರಲ್ಲಿ ಪದ್ಮಭೂಷಣ ಕೊಟ್ಟಿತು. 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಬಂತು, ಶಿಬಿರಗಳು ಊರಿನ ಪಂಚಾಂಗದ ಭಾಗವೇ ಆದವು. ಕುರುಡರಾಗಿಯೇ ಸಾಯಬೇಕಿದ್ದ ಎಷ್ಟೋ ಅಜ್ಜ ಅಜ್ಜಿಯರು ಮೊಮ್ಮಕ್ಕಳ ಮುಖ ನೋಡಿದ್ದು ಹೀಗೆ. ಆದರೆ ಅದರ ಜೊತೆಗೇ ಒಂದು ನಂಬಿಕೆಯೂ ಬೇರೂರಿತು: ಕಣ್ಣು ಮಂಜಾದರೆ ಪೊರೆ, ಪೊರೆಯಾದರೆ ಆಪರೇಷನ್, ಆಪರೇಷನ್ ಅಂದರೆ ಸುಗ್ಗಿ ಮುಗಿದ ಮೇಲೆ. ಕೊಟ್ಟೂರು ತೇರು ಮುಗಿಯಲಿ, ಮೈಲಾರದ ಜಾತ್ರೆ ಆಗಲಿ, ಮೆಕ್ಕೆಜೋಳ ಮಾರಿಬರಲಿ. ಪೊರೆಯ ಮಟ್ಟಿಗೆ ಈ ಲೆಕ್ಕ ತಪ್ಪೇನಲ್ಲ. ಮೂರು ತಿಂಗಳು ತಡವಾಗಿ ತೆಗೆದರೂ ನೋಟ ಬಹುಮಟ್ಟಿಗೆ ಅಷ್ಟೇ ಮರಳುತ್ತದೆ. ಉರಿಯೂತ ಹೊಕ್ಕ ಕಣ್ಣಿನಲ್ಲಿ ಮೂರು ದಿನಕ್ಕೇ ಲೆಕ್ಕ ಬದಲಾಗುತ್ತದೆ.

ಈಗ ಕಣ್ಣಿನ ಒಳಗೆ ಹೋಗೋಣ. ಕಪ್ಪುಗುಡ್ಡೆಯಲ್ಲಿ ಕಾಣುವ ಬಣ್ಣದ ಪರದೆ ಐರಿಸ್. ಅದರ ಹಿಂದೆ ಕಣ್ಣಿನ ನೀರನ್ನು ಒಸರಿಸುವ ಭಾಗವಿದೆ, ಇನ್ನೂ ಹಿಂದಕ್ಕೆ ಅಕ್ಷಿಪಟಕ್ಕೆ ರಕ್ತ ಉಣಿಸುವ ಪದರವಿದೆ. ಈ ಮೂರೂ ಸೇರಿ ಯುವಿಯಾ. ಮೈಯಲ್ಲಿ ರಕ್ತನಾಳಗಳು ಇಷ್ಟು ದಟ್ಟವಾಗಿ ಹೆಣೆದುಕೊಂಡಿರುವ ಜಾಗಗಳು ಕಡಿಮೆ. ಮೈಯ ರಕ್ಷಣಾಪಡೆ ದಿಕ್ಕು ತಪ್ಪಿ ಕೀಲನ್ನೋ ಬೆನ್ನನ್ನೋ ಹಿಡಿದಿರುವ ಮನುಷ್ಯನಲ್ಲಿ ಅದು ಕಣ್ಣಿನ ಈ ಪದರಕ್ಕೂ ನುಗ್ಗಿದರೆ ಯುವೈಟಿಸ್ ಆಗುತ್ತದೆ. ಸ್ಲಿಟ್ ಲ್ಯಾಂಪ್ ಎಂಬ ಯಂತ್ರದ ಸಣ್ಣ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ, ಹೆಂಚಿನ ಸಂದಿಯಿಂದ ಬಿದ್ದ ಬಿಸಿಲಕೋಲಿನಲ್ಲಿ ಧೂಳು ತೇಲುವ ಹಾಗೆ, ಕಣ್ಣಿನ ತಿಳಿನೀರಿನಲ್ಲಿ ಬಿಳಿರಕ್ತಕಣಗಳು ತೇಲುವುದು ಕಾಣುತ್ತದೆ. ಆರೋಗ್ಯವಂತ ಕಣ್ಣಿನಲ್ಲಿ ಆ ನೀರು ಪೂರ್ತಿ ಖಾಲಿ. ಟಾರ್ಚ್ ಬಿಟ್ಟು ನೋಡಿದರೆ ಇದು ಕಾಣುವುದಿಲ್ಲ, ಮೊಬೈಲಿನಲ್ಲಿ ತೆಗೆದು ಕಳಿಸಿದ ಫೋಟೋದಲ್ಲಂತೂ ಕಾಣುವುದೇ ಇಲ್ಲ.

ಕಣಗಳ ಜೊತೆ ಅಂಟು ಪದಾರ್ಥವೂ ಒಸರುತ್ತದೆ. ಐರಿಸ್ ಹಿಂದಿರುವ ಮಸೂರಕ್ಕೆ ಅಂಟಿಕೊಳ್ಳುತ್ತದೆ, ದುಂಡಗಿದ್ದ ಪಾಪೆ ಸೊಟ್ಟಗಾಗುತ್ತದೆ. ಸುತ್ತಲೂ ಅಂಟಿದರೆ ಕಣ್ಣಿನ ನೀರಿಗೆ ದಾರಿ ಕಟ್ಟಿ ಒತ್ತಡ ಏರುತ್ತದೆ. ಮೊದಲ ಎರಡು ಮೂರು ದಿನಗಳ ಅಂಟು ಹನಿಯಿಂದಲೇ ಬಿಟ್ಟುಕೊಳ್ಳುತ್ತದೆ. ವಾರಗಳ ಅಂಟು ಬಿಡುವುದು ಕಷ್ಟ. ನಾನು ಆಗ ಹೇಳಿದ ಮೂರು ದಿನದ ಲೆಕ್ಕ ಇದೇ.

ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ನಮ್ಮ ಈ ಐದು ತಾಲ್ಲೂಕುಗಳಲ್ಲಿ ಇದು ಯಾರಿಗೆ ಬರುತ್ತದೆ ಎಂದರೆ ನಾನು ಮೊದಲು ನೆನೆಯುವುದು ಇಪ್ಪತ್ತೈದು ಮೂವತ್ತರ ಹುಡುಗರನ್ನು. 'ಸರ, ಕಣ್ಣು ಕೆಂಪಾಗೇತಿ, ಬಿಸಿಲಿಗೆ ಹೋದ್ರ ತೆರಿಯಾಕ ಆಗವಲ್ದು' ಎನ್ನುತ್ತಾರೆ. ಒಂದೇ ಕಣ್ಣು. ಕಪ್ಪುಗುಡ್ಡೆಯ ಸುತ್ತ ಉಂಗುರದಂತೆ ಕೆಂಪು. ಪಿಸುರಿಲ್ಲ, ರೆಪ್ಪೆ ಅಂಟುವುದಿಲ್ಲ, ಒಳಗಿನ ನೋವಿದೆ, ಅಕ್ಷರ ಮಂಜು. ಹೋದ ವರ್ಷ ಇನ್ನೊಂದು ಕಣ್ಣಿಗೆ ಆಗಿತ್ತು, ತಾನೇ ಹೋಯಿತು ಅನ್ನುತ್ತಾರೆ. ಆಗ ನಾನು ಕಣ್ಣಿನ ಮಾತು ಬಿಟ್ಟು ಟೊಂಕದ ಮಾತು ಕೇಳುತ್ತೇನೆ. ನಸುಕಿನಲ್ಲಿ ಏಳುವಾಗ ಟೊಂಕ ಬಿಗಿದಿರುತ್ತದೆಯೆ? ಅರ್ಧ ತಾಸು, ಒಂದು ತಾಸು ಓಡಾಡಿದ ಮೇಲೆ ಸಡಿಲವಾಗುತ್ತದೆಯೆ? ನಡುರಾತ್ರಿ ಕಳೆದ ಮೇಲೆ ನೋವಿಗೆ ಎಚ್ಚರವಾಗುತ್ತದೆಯೆ? ಚೀಲ ಹೊತ್ತು ಬಂದ ಬೆನ್ನುನೋವು ಮಲಗಿದರೆ ಕಡಿಮೆಯಾಗುತ್ತದೆ. ಉರಿಯೂತದ ಬೆನ್ನುನೋವು ಮಲಗಿದರೆ ಹೆಚ್ಚುತ್ತದೆ, ನಡೆದಾಡಿದರೆ ಇಳಿಯುತ್ತದೆ. ಎರಡನೆಯದಕ್ಕೆ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಉದ್ದ ಹೆಸರಿದೆ. ಈ ಕಾಯಿಲೆ ಇರುವವರಲ್ಲಿ ನಾಲ್ಕರಲ್ಲಿ ಒಬ್ಬರಿಗಾದರೂ ಬದುಕಿನಲ್ಲಿ ಯಾವಾಗಲೋ ಒಮ್ಮೆ ಕಣ್ಣಿಗೆ ಯುವೈಟಿಸ್ ಬರುತ್ತದೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಕೂಡ್ಲಿಗಿ, ಹರಪನಹಳ್ಳಿ ಕಡೆಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದಾಗುತ್ತದೆ, ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆ ಬಿಗಿಯುತ್ತದೆ, ಬೆನ್ನು ಬಾಗದಂತಾಗುತ್ತದೆ. ಎಕ್ಸ್‌ರೇಯಲ್ಲಿ ಕೂಡ ಫ್ಲೋರೋಸಿಸ್ ಬೆನ್ನು ಸ್ಪಾಂಡಿಲೈಟಿಸ್ ಬೆನ್ನಿನ ವೇಷ ಹಾಕಬಲ್ಲದು. ಹಾಗಾಗಿ ಬೆನ್ನು ಬಿಗಿದ ಯುವಕನಿಗೆ ಊರಿನವರು ಹೇಳುವುದು ಒಂದೇ: 'ನಮ್ಮೂರ ನೀರಿಂದು ಬಿಡಪಾ.' ಅಪ್ಪನ ಬೆನ್ನು ನೀರಿನಿಂದ ಬಿಗಿದಿರಬಹುದು, ಮಗನದು ಬೇರೆ ಕಾರಣದಿಂದ. ಇವೆರಡನ್ನು ಬೇರ್ಪಡಿಸಲು ಸುಳಿವು ಕೊಡುವುದು ಅನೇಕ ಸಲ ಕಣ್ಣು. ಫ್ಲೋರೈಡ್ ಕಣ್ಣನ್ನು ಹೀಗೆ ಕೆಂಪು ಮಾಡುವುದಿಲ್ಲ.

ಎಚ್‌ಎಲ್‌ಎ-ಬಿ27 ಎಂಬ ಆನುವಂಶಿಕ ಗುರುತಿಗೂ ಈ ಬೆನ್ನಿಗೂ ನಂಟಿದೆ ಎಂದು ಲಂಡನ್ನಿನಲ್ಲೂ ಲಾಸ್ ಏಂಜಲೀಸಿನಲ್ಲೂ ಒಟ್ಟೊಟ್ಟಿಗೆ ಗೊತ್ತಾದದ್ದು 1973ರಲ್ಲಿ. ಗುರುತಿದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಹೆಚ್ಚಿನವರಿಗೆ ಬರುವುದೇ ಇಲ್ಲ. ಆದ್ದರಿಂದ ಲ್ಯಾಬಿನ ಚೀಟಿ ನೋಡಿ ಹೆಣ್ಣು ಗಂಡಿನ ಮಾತುಕತೆ ಮುರಿಯುವವರಿಗೆ ನಾನು ಬುದ್ಧಿ ಹೇಳಿ ಕಳಿಸುತ್ತೇನೆ. ಐರ್ಲೆಂಡಿನ ಡಬ್ಲಿನ್‌ನ ವೈದ್ಯರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಹೆಚ್ಚು ಉಪಯೋಗದ್ದು. ಕಣ್ಣಿನ ಮುಂಭಾಗದ ಯುವೈಟಿಸ್ ಎಂದು ತುರ್ತು ವಿಭಾಗಕ್ಕೆ ಬಂದವರನ್ನು ಅವರು ಕೀಲಿನ ತಜ್ಞರಿಂದ ಪರೀಕ್ಷೆ ಮಾಡಿಸಿದಾಗ ಸುಮಾರು ನೂರಕ್ಕೆ ನಲವತ್ತು ಮಂದಿಯಲ್ಲಿ ಅದುವರೆಗೆ ಯಾರೂ ಗುರುತಿಸದ ಬೆನ್ನಿನ ಉರಿಯೂತ ಸಿಕ್ಕಿತು. ಅಂದರೆ ಅವರ ಬೆನ್ನಿನ ಕಾಯಿಲೆಯನ್ನು ಮೊದಲು ಹೊರಹಾಕಿದ್ದು ಕಣ್ಣು.

ಇನ್ನು ಔಷಧಿ ಅಂಗಡಿ. ಇದರ ಬಗ್ಗೆ ಸ್ವಲ್ಪ ಹೊತ್ತು ಮಾತಾಡುತ್ತೇನೆ, ಏಕೆಂದರೆ ಐದೂ ತಾಲ್ಲೂಕಿನಲ್ಲಿ ಕೆಂಪು ಕಣ್ಣು ಮೊದಲು ಮೆಟ್ಟಿಲೇರುವುದು ಅಲ್ಲಿಗೇ. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಹಾಕಿಕೊಂಡು ಬಂದವರಿಗೆ ನಾವು ವೈದ್ಯರು ಗದರುತ್ತೇವೆ. ಅಂಗಡಿಯ ಹನಿ ಹಾಕಿಕೊಂಡು ಬಂದವರಿಗೆ ಅಷ್ಟಾಗಿ ಗದರುವುದಿಲ್ಲ, ಅದು ಸೀಲು ಹಾಕಿದ ಬಾಟಲಿ ನೋಡಿ. ನಿಜವಾಗಿ ಎರಡನೆಯದೂ ಅಪಾಯವೇ. ಆ ಹನಿಯಲ್ಲಿ ಎಷ್ಟೋ ಸಲ ಡೆಕ್ಸಾಮೆಥಾಸೋನ್ ಅಥವಾ ಬೀಟಾಮೆಥಾಸೋನ್ ಎಂಬ ಸ್ಟೀರಾಯ್ಡ್ ಇರುತ್ತದೆ. ಎರಡೇ ದಿನಕ್ಕೆ ಕೆಂಪು ಇಳಿಯುತ್ತದೆ, ಹುಡುಗ ಬಾಟಲಿ ಬಿಡುತ್ತಾನೆ. ಒಳಗಿನ ಉರಿಯೂತ ಅರ್ಧಕ್ಕೆ ನಿಂತಿರುತ್ತದೆ, ಹದಿನೈದು ದಿನಕ್ಕೆ ಮತ್ತೆ ಏಳುತ್ತದೆ, ಮತ್ತೆ ಅದೇ ಬಾಟಲಿ. ಯುವೈಟಿಸ್‌ಗೆ ನಾವೂ ಸ್ಟೀರಾಯ್ಡನ್ನೇ ಕೊಡುತ್ತೇವೆ. ಆದರೆ ಪ್ರೆಡ್ನಿಸೋಲೋನ್ ಹನಿಯನ್ನು ಮೊದಲ ದಿನಗಳಲ್ಲಿ ತಾಸಿಗೊಮ್ಮೆ ಹಾಕಿಸಿ, ಕಣ ಎಣಿಸಿ, ಕಣ್ಣಿನ ಒತ್ತಡ ಅಳೆದು, ಆರು ವಾರವೋ ಎಂಟು ವಾರವೋ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತೇವೆ. ಹೆಸರು ಅದೇ ಔಷಧಿ, ಚಿಕಿತ್ಸೆ ಬೇರೆ. ಇನ್ನೊಂದು ಮುಖವೂ ಇದೆ. ಮೆಕ್ಕೆಜೋಳದ ಗರಿ ಕಣ್ಣಿಗೆ ಬಡಿದು ಕಪ್ಪುಗುಡ್ಡೆಯ ಮೇಲೆ ಬೂಷ್ಟಿನ ಹುಣ್ಣಾದವನಿಗೂ ಅಂಗಡಿಯವ ಅದೇ ಬಾಟಲಿ ಕೊಡುತ್ತಾನೆ. ಅಲ್ಲಿ ಸ್ಟೀರಾಯ್ಡ್ ಬಿದ್ದರೆ ಹುಣ್ಣು ಕಣ್ಣನ್ನೇ ತಿನ್ನುತ್ತದೆ. ಕೆಂಪು ಒಂದೇ ಬಣ್ಣ, ಕಾರಣ ಹತ್ತು. ಗಾಜಿನ ಕಪಾಟಿನ ಆಚೆ ನಿಂತು ನೋಡಿ ಇವನ್ನು ಬೇರ್ಪಡಿಸಲು ಯಾರಿಂದಲೂ ಆಗದು, ನನ್ನಿಂದಲೂ ಆಗದು.

ಪ್ರೆಡ್ನಿಸೋಲೋನ್ ಜೊತೆ ಇನ್ನೊಂದು ಹನಿ ಕೊಡುತ್ತೇವೆ, ಆಟ್ರೋಪಿನ್ ಅಥವಾ ಅದರ ಬಳಗದ್ದು. ಅದು ಪಾಪೆಯನ್ನು ಅಗಲಿಸಿ ಐರಿಸ್ ಅಂಟದಂತೆ ನೋಡಿಕೊಳ್ಳುತ್ತದೆ, ನೋವನ್ನೂ ತಗ್ಗಿಸುತ್ತದೆ. ಹಾಕಿದ ಮೇಲೆ ಹತ್ತಿರದ ಅಕ್ಷರ ಕಾಣುವುದಿಲ್ಲ, ಬಿಸಿಲು ಚುಚ್ಚುತ್ತದೆ. 'ಡಾಕ್ಟರ್ ಹನಿ ಹಾಕಿದ್ಮ್ಯಾಗ ಇನ್ನೂ ಮಂಜಾತು' ಎಂದು ಮಂದಿ ನಿಲ್ಲಿಸುವುದು ಸರಿಯಾಗಿ ಇದೇ ಹನಿಯನ್ನು. ತಪ್ಪು ಅವರದಲ್ಲ, ಮೊದಲೇ ತಿಳಿಸಿ ಹೇಳದ ನಮ್ಮದು. ಹೊಲದ ಬದುವಿನಲ್ಲಿ ಬೆಳೆಯುವ ಉಮ್ಮತ್ತಿ ಗಿಡದಲ್ಲಿಯೂ ಇದೇ ಬಗೆಯ ಪದಾರ್ಥವಿದೆ. ಕಳೆ ಕೀಳುವಾಗ ಅದರ ರಸ ಹತ್ತಿದ ಕೈಯಲ್ಲಿ ಕಣ್ಣುಜ್ಜಿಕೊಂಡರೆ ಪಾಪೆ ಹಿಗ್ಗಿ ಒಂದು ಕಣ್ಣು ದಿಢೀರನೆ ಮಂಜಾಗುತ್ತದೆ. ಅದು ಕೆಲವು ದಿನಗಳಲ್ಲಿ ತಾನೇ ಸರಿಹೋಗುವ ಮಂಜು. ಆದರೂ ಗಾಬರಿಯಾಗಿ ಬಂದ ಹೆಣ್ಣುಮಗಳಿಗೆ 'ಏನಿಲ್ಲ ಹೋಗು' ಎನ್ನುವ ಮೊದಲು ಕಣ್ಣಿನೊಳಗೆ ನೋಡಲೇಬೇಕು.

ಕೀಲು ಹಿಡಿದು ಕಣ್ಣಿಗೂ ಇಳಿಯುವ ಜ್ವರವೊಂದಿದೆ, ನಿಮ್ಮಲ್ಲಿ ಹೆಚ್ಚಿನವರಿಗೆ 2006 ನೆನಪಿರುತ್ತದೆ. ಚಿಕುನ್‌ಗುನ್ಯ ಮೂರು ದಶಕ ಮರೆಯಾಗಿದ್ದು 2005ರ ಕೊನೆಗೆ ಮರಳಿ ಬಂತು. ಮರುವರ್ಷ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕ ಸುಮಾರು 13.9 ಲಕ್ಷ ಶಂಕಿತ ರೋಗಿಗಳಲ್ಲಿ 7.6 ಲಕ್ಷ ಮಂದಿ ಕರ್ನಾಟಕದವರೇ. ಬಳ್ಳಾರಿ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳು ಬಲವಾಗಿ ಪೆಟ್ಟು ತಿಂದವು. ನಮ್ಮ ಹರಪನಹಳ್ಳಿ ಆಗ ದಾವಣಗೆರೆಯ ಪಾಲಾಗಿತ್ತು, ಬಳ್ಳಾರಿಗೆ ಮರಳಿದ್ದು 2018ರಲ್ಲಿ. ಓಣಿ ಓಣಿಯಲ್ಲಿ ಮನುಷ್ಯರು ಗೋಡೆ ಹಿಡಿದು ನಡೆದರು. ಜ್ವರ ವಾರಕ್ಕೆ ಬಿಟ್ಟರೂ ಕೀಲು ಹಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬಿಡಲಿಲ್ಲ. ಆ ಗದ್ದಲದಲ್ಲಿ ಕಣ್ಣಿನ ಕಡೆ ನೋಡಿದವರು ಕಡಿಮೆ. ಮದುರೈನ ಅರವಿಂದ್ ಕಣ್ಣಾಸ್ಪತ್ರೆಯವರೂ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಪದ್ಮಮಾಲಿನಿ ಮಹೇಂದ್ರದಾಸ್ ಮತ್ತು ಸಂಗಡಿಗರೂ 2007, 2008ರಲ್ಲಿ ಇದನ್ನು ಲೋಕದ ಮುಂದೆ ಬರೆದಿಟ್ಟರು. ಚಿಕುನ್‌ಗುನ್ಯ ಆದವರಲ್ಲಿ ಕೆಲವರಿಗೆ ಕಣ್ಣಿನ ಮುಂಭಾಗದ ಯುವೈಟಿಸ್, ಕೆಲವರಿಗೆ ಅಕ್ಷಿಪಟದ ಉರಿಯೂತ, ಕೆಲವರಿಗೆ ಕಣ್ಣಿನ ನರದ ಉರಿಯೂತ. ಮುಂಭಾಗದ್ದು ಹೆಚ್ಚಾಗಿ ವಾಸಿಯಾಯಿತು. ಹಿಂಭಾಗದ್ದು ಮತ್ತು ನರದ್ದು ಎಲ್ಲರಿಗೂ ಪೂರ್ತಿ ಮರಳಲಿಲ್ಲ. ಆಮೇಲೆ ಮಿಂಟೋ ಕಣ್ಣಾಸ್ಪತ್ರೆಯ ವೈದ್ಯರೂ ಜ್ವರದ ನಂತರದ ಅಕ್ಷಿಪಟದ ಉರಿಯೂತವನ್ನು ಕುರಿತು ಬರೆದರು. ಜ್ವರ ಬಿಟ್ಟು ಎರಡು ಮೂರು ವಾರ ಕಳೆದು, ಮನುಷ್ಯ ಹೊಲಕ್ಕೆ ಹೋಗಲು ಶುರು ಮಾಡಿದ ಮೇಲೆ ನೋಟದ ನಡುವೆ ಒಂದು ಮಬ್ಬು ಕಾಣಿಸಿಕೊಳ್ಳುತ್ತದೆ. ನೋವಿಲ್ಲ, ಕೆಂಪಿಲ್ಲ. ನಿಶ್ಶಕ್ತಿ ಎಂದು ಟಾನಿಕ್ ಕುಡಿದು ಕೂರುವುದು ಇಲ್ಲಿಯೇ.

ಉಳಿದ ಕಾಯಿಲೆಗಳ ಮಾತು ಚುಟುಕಾಗಿ. ಬೆರಳಿನ ಗೆಣ್ಣು ಊದುವ ರುಮಟಾಯ್ಡ್ ಕೀಲುವಾತದಲ್ಲಿ ಹೆಚ್ಚಾಗಿ ಕಾಣುವುದು ಕಣ್ಣೀರು ಒಣಗುವುದು. ಆದರೆ ಬಿಳಿಗುಡ್ಡೆಯೇ ಉರಿಯೂತಕ್ಕೆ ಸಿಕ್ಕರೆ ಹುಬ್ಬು, ದವಡೆಗೆ ಹಬ್ಬುವ ಕೊರೆಯುವ ನೋವು ನಿದ್ದೆಯಿಂದ ಎಬ್ಬಿಸುತ್ತದೆ, ಅದು ಕಣ್ಣಿಗಷ್ಟೇ ಅಲ್ಲ ಇಡೀ ಮೈಗೆ ಅಪಾಯದ ಸೂಚನೆ. ತಲೆನೋವು, ಕಿವಿಯಲ್ಲಿ ಗುಂಯ್‌ಗುಡುವುದು, ಅದರ ಬೆನ್ನಿಗೇ ಎರಡೂ ಕಣ್ಣು ಮಂಜಾಗುವುದು ವೋಗ್ಟ್-ಕೊಯನಾಗಿ-ಹರಾಡ ಎಂಬ ಕಾಯಿಲೆ. ನಮ್ಮ ದೇಶದವರಲ್ಲಿ ಇದು ಅಪರೂಪವಲ್ಲ, ಬೇಗ ಸ್ಟೀರಾಯ್ಡ್ ಸಿಕ್ಕರೆ ನೋಟ ಚೆನ್ನಾಗಿ ಮರಳುತ್ತದೆ. ಕಣ್ಣು ಹೊರಳಿಸಿದಾಗ ನೋವು, ಒಂದು ಕಣ್ಣಿಗೆ ಕುಂಕುಮದ ಕೆಂಪು ಮಾಸಲಾಗಿ ಕಾಣುವುದು, ಇದು ನರದ ಉರಿಯೂತ. ಐವತ್ತು ದಾಟಿದವರಿಗೆ ಹೊಸದಾಗಿ ಶುರುವಾದ ಕಣತಲೆ ನೋವು, ತಲೆ ಬಾಚಿದರೆ ನೋವು, ರೊಟ್ಟಿ ಅಗಿಯುವಾಗ ದವಡೆ ಸೋಲುವುದು, ಅದರ ಜೊತೆ ಒಂದು ಕಣ್ಣು ಕ್ಷಣಹೊತ್ತು ಕತ್ತಲಾಗುವುದು ನಮ್ಮಲ್ಲಿ ವಿರಳ. ಇದ್ದರೆ ಮಾತ್ರ ಅದೇ ದಿನ ಆಸ್ಪತ್ರೆ, ಮರುದಿನವೂ ಅಲ್ಲ.

ಕಾಯಿಲೆಯಂತೆ ಮಾತ್ರೆಯೂ ನೋಟ ಬದಲಿಸುತ್ತದೆ, ಇದನ್ನು ಮುಚ್ಚಿಡುವುದು ಸರಿಯಲ್ಲ. ಸ್ಟೀರಾಯ್ಡ್ ಮಾತ್ರೆ ಸಕ್ಕರೆ ಏರಿಸಿದರೆ ಚಷ್ಮಾದ ನಂಬರೇ ದಿನಕ್ಕೊಂದಾಗುತ್ತದೆ. ತಿಂಗಳುಗಟ್ಟಲೆ ನುಂಗಿದರೆ ಮೂವತ್ತರಲ್ಲೇ ಪೊರೆ, ಕೆಲವರಿಗೆ ಗ್ಲಾಕೋಮಾ. ಕೀಲಿಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ತೂಕದ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯ ಔಷಧಿ. ಶುರುವಿನ ವರ್ಷ ಒಮ್ಮೆ, ಐದು ವರ್ಷ ದಾಟಿದ ಮೇಲೆ ಪ್ರತಿವರ್ಷ ಅಕ್ಷಿಪಟ ತೋರಿಸಬೇಕು. ಕ್ಷಯಕ್ಕೆ ಕೊಡುವ ಎಥಾಂಬ್ಯುಟಾಲ್ ಕಣ್ಣಿನ ನರಕ್ಕೆ ತಗಲಬಹುದು. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ನುಂಗುವ ಮಾತ್ರೆ, ದಿನಾ ನುಂಗಿದರೆ ಪ್ರಾಣಕ್ಕೇ ಬರುತ್ತದೆ. ಓದು ಬಾರದ ಅವ್ವಂದಿರಿಗೆ ಬರೀ ಚೀಟಿ ಬರೆದು ಕೊಡುವುದು ಸಾಲದು, ವಾರದ ಹೆಸರು ಹೇಳಿ ಕಳಿಸಬೇಕು. ಕೊಟ್ಟೂರು ಸೀಮೆಯಲ್ಲಿ ದೇವರ ವಾರವಾದ ಸೋಮವಾರ ಎಂದು ಹೇಳಿದರೆ ಯಾರೂ ಮರೆಯುವುದಿಲ್ಲ.

ಸಾಹಿತ್ಯದ ಸಭೆ ಎಂದು ಒಂದು ಮಾತು. ಐರಿಷ್ ಕಾದಂಬರಿಕಾರ ಜೇಮ್ಸ್ ಜಾಯ್ಸ್‌ಗೆ ಇದೇ ಕಣ್ಣಿನ ಉರಿಯೂತ ಮತ್ತೆ ಮತ್ತೆ ಬಂತು, ಕೀಲುನೋವೂ ಇತ್ತು. 1917ರಲ್ಲಿ ಮೊದಲ ಶಸ್ತ್ರಚಿಕಿತ್ಸೆ, ಆಮೇಲೆ ಹತ್ತಾರು. ಕೊನೆಗೆ ಬಣ್ಣದ ಕ್ರೇಯಾನಿನಿಂದ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದ. ಅವನು ತೀರಿಕೊಂಡದ್ದು 1941ರಲ್ಲಿ. ಕೀಲುವಾತದ ರೋಗಿಗೆ ಕಾರ್ಟಿಸೋನ್ ಮೊದಲು ಕೊಟ್ಟದ್ದು 1948ರಲ್ಲಿ, ಅದಕ್ಕೆ ನೊಬೆಲ್ ಬಂದದ್ದು 1950ರಲ್ಲಿ. ಇಂದು ಕೂಡ್ಲಿಗಿಯ ಕೂಲಿಕಾರನಿಗೆ ಸಿಗುವ ಪ್ರೆಡ್ನಿಸೋಲೋನ್ ಬಾಟಲಿ ಜಾಯ್ಸ್‌ಗೆ ಪ್ಯಾರಿಸ್ಸಿನಲ್ಲೂ ಸಿಗಲಿಲ್ಲ. ಪದೇ ಪದೇ ಮರುಕಳಿಸುವವರಿಗೆ ಅಡಾಲಿಮುಮಾಬ್ ಚುಚ್ಚುಮದ್ದು ಇದೆ. ಅದರ ಅಗ್ಗದ ದೇಶೀ ಆವೃತ್ತಿಯನ್ನು ನಮ್ಮ ದೇಶದ ಕಂಪನಿಯೇ 2014ರ ಡಿಸೆಂಬರಿನಲ್ಲಿ ಜಗತ್ತಿನಲ್ಲೇ ಮೊದಲು ತಂದಿತು. ಕೊಡುವ ಮುನ್ನ ಕ್ಷಯ ಅಡಗಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು, ನಮ್ಮ ಕಡೆ ಇದು ಬರೀ ಕಾಗದದ ಶಾಸ್ತ್ರವಲ್ಲ.

ಇಷ್ಟು ಹೊತ್ತು ದಿಢೀರ್ ಬದಲಾವಣೆಯ ಮಾತು. ಮಕ್ಕಳಲ್ಲಿ ಹೀಗಲ್ಲ. ಮಂಡಿ ಊದಿಕೊಂಡ ನಾಲ್ಕೈದು ವರ್ಷದ ಮಗು, ಅದರಲ್ಲೂ ಹೆಣ್ಣುಮಗು, ಕುಂಟುತ್ತಾ ಬಂದರೆ ಅದಕ್ಕೆ ಮಕ್ಕಳ ಕೀಲುವಾತ ಇರಬಹುದು. ಅಂಥ ಮಗುವಿನ ಕಣ್ಣಿನೊಳಗೆ ಉರಿಯೂತ ಸದ್ದಿಲ್ಲದೆ ಕೂತಿರುತ್ತದೆ. ಕಣ್ಣು ಬೆಳ್ಳಗೇ ಇರುತ್ತದೆ, ಮಗು ಆಡುತ್ತಲೇ ಇರುತ್ತದೆ. ಶಾಲೆಯಲ್ಲಿ ಬೋರ್ಡು ಕಾಣುತ್ತಿಲ್ಲ ಎಂದು ಟೀಚರು ಹೇಳುವ ಹೊತ್ತಿಗೆ ಪಾಪೆ ಅಂಟಿ, ಪೊರೆ ಕಟ್ಟಿರುತ್ತದೆ. ಇಲ್ಲಿ ದೂರಿಗೆ ಕಾಯುವಂತೆಯೇ ಇಲ್ಲ. ಮಂಡಿ ನೋಡಿದ ವೈದ್ಯರೇ ಮೂರು ತಿಂಗಳಿಗೊಮ್ಮೆ ಸ್ಲಿಟ್ ಲ್ಯಾಂಪಿಗೆ ಕಳಿಸಬೇಕು.

ಎಲ್ಲಿಗೆ ಹೋಗಬೇಕು? ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋಗಿ, 'ನನಗೆ ಕೀಲಿನ ಕಾಯಿಲೆ ಇದೆ, ಕಣ್ಣು ಇಷ್ಟು ದಿನದಿಂದ ಹೀಗಿದೆ, ಸ್ಲಿಟ್ ಲ್ಯಾಂಪಿನಲ್ಲಿ ನೋಡಿ' ಎಂದು ಬಾಯಿಬಿಟ್ಟು ಕೇಳಿ. ಅಲ್ಲಿ ಆಗದಿದ್ದರೆ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ನಮ್ಮ ಬಾಯಲ್ಲಿ ಇಂದಿಗೂ ವಿಮ್ಸ್. ಹರಪನಹಳ್ಳಿಯವರಿಗೆ ದಾವಣಗೆರೆ ಹತ್ತಿರ, ಹಡಗಲಿಯವರಿಗೆ ಹುಬ್ಬಳ್ಳಿಯ ದಾರಿಯೂ ಇದೆ. 2021ರಲ್ಲಿ ನಮಗೆ ವಿಜಯನಗರ ಎಂಬ ಹೊಸ ಜಿಲ್ಲೆ ಬಂತು. ಐದೂ ತಾಲ್ಲೂಕಿನಲ್ಲಿ ಒಂದೊಂದು ಸುಸ್ಥಿತಿಯ ಸ್ಲಿಟ್ ಲ್ಯಾಂಪ್, ಅದರ ಹಿಂದೆ ವಾರದ ಆರೂ ದಿನ ಕೂರುವ ಒಬ್ಬರು ಇರಬೇಕೆಂದು ಕೇಳುವುದು ದೊಡ್ಡ ಬೇಡಿಕೆಯಲ್ಲ. ಶಿಬಿರಕ್ಕೆ ಪೆಂಡಾಲ್ ಹಾಕಿಸುವ ದಾನಿಗಳು ಇದನ್ನೂ ಕೇಳಬೇಕು.

ಮನೆಯಲ್ಲಿ ಮಾಡುವ ಪರೀಕ್ಷೆ ಒಂದಿದೆ. ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಒಂದು ಕಣ್ಣು ಮುಚ್ಚಿ ತಾರೀಖು ಓದಿ, ಆಮೇಲೆ ಇನ್ನೊಂದು ಮುಚ್ಚಿ ಓದಿ. ಎರಡೂ ತೆರೆದಿದ್ದರೆ ಒಳ್ಳೆಯ ಕಣ್ಣು ಕೆಟ್ಟದ್ದರ ಸಾಲವನ್ನು ತೀರಿಸುತ್ತಾ ಹೋಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ.

ಕೊನೆಗೆ ಗುಳೆ ಹೋಗುವವರ ವಿಷಯ. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿಯ ತಾಂಡಾಗಳಿಂದ ಕಬ್ಬು ಕಡಿಯಲು ಮಂಡ್ಯಕ್ಕೆ, ಕಾಫಿ ಕೊಯ್ಲಿಗೆ ಮಲೆನಾಡಿಗೆ, ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗುವವರ ಹನಿ ಅಲ್ಲೆಲ್ಲೋ ಮುಗಿದುಹೋಗುತ್ತದೆ, ಯಾವ ಹನಿ ಎಂದು ಹೇಳಲು ಬಾಟಲಿಯೂ ಇರುವುದಿಲ್ಲ. ಅವರಿಗಾಗಿ ಒಂದು ಚೀಟಿ ಸಾಕು: ಕಾಯಿಲೆಯ ಹೆಸರು, ಯಾವ ಕಣ್ಣಿಗೆ ಯಾವಾಗ ಬಂದಿತ್ತು, ಯಾವ ಹನಿ ದಿನಕ್ಕೆ ಎಷ್ಟು ಸಲ, ಎಂದು ಯಾವ ಪ್ರಮಾಣಕ್ಕೆ ಇಳಿಸಬೇಕು, ಕಣ್ಣಿನ ಒತ್ತಡ ಎಷ್ಟಿತ್ತು, ನುಂಗುವ ಮಾತ್ರೆ ಯಾವುವು. ಅದರ ಫೋಟೋ ತೆಗೆದು ಮೇಸ್ತ್ರಿಯ ಮೊಬೈಲಿನಲ್ಲೂ ಹೆಂಡತಿಯ ಮೊಬೈಲಿನಲ್ಲೂ ಇಟ್ಟುಕೊಳ್ಳಲಿ. ಮಂಡ್ಯದ ವೈದ್ಯರು ಅದನ್ನು ನೋಡಿದರೆ ಮೊದಲಿನಿಂದ ಕೇಳುವುದು ತಪ್ಪುತ್ತದೆ, ಪರೀಕ್ಷೆ ಮುಗಿಸಿ ಅದೇ ದಿನ ಹನಿ ಶುರು ಮಾಡುತ್ತಾರೆ. ಅಂಥ ಚೀಟಿಯ ಒಂದು ಮಾದರಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ತಂದಿದ್ದೇನೆ, ಬಾಗಿಲ ಬಳಿಯ ಮೇಜಿನ ಮೇಲಿದೆ.